ಖಾಲಿ ಬಿಡುವಂತಿಲ್ಲ

ರೆಸಿಡೆನ್ಸಿ ರಸ್ತೆಯ ಏಜೆಂಟು ಮೂರೂವರೆ ಲಕ್ಷ ಅಂದ.
ಗಾಜಿನ ಬಾಗಿಲು, ಏಸಿ, ಮಾತಿಗೊಮ್ಮೆ ಮೇಡಂ.
ಕೊಟ್ಟ ನೀರು ಕುಡಿದು ಎದ್ದು ಬಂದೆ.
ಮೂರೂವರೆ ಲಕ್ಷಕ್ಕೆ ಎಷ್ಟು ಅಡಿ ವೆಲ್ಡಿಂಗು
ಮೆಟ್ರೋದಲ್ಲಿ ನಿಂತೇ ಲೆಕ್ಕ ಹಾಕಿದೆ;
ಪೀಣ್ಯ ಬಂತು, ಲೆಕ್ಕ ಮುಗಿಯಲಿಲ್ಲ.

ನಾನೇ ತುಂಬುತ್ತೇನೆ.
ದಿನಾ ರಾತ್ರಿ, ಉಂಡ ಮೇಲೆ,
ಪಕ್ಕದ ಮನೆ ನಾಜ್ನೀನಳ ಲ್ಯಾಪ್‌ಟಾಪಿನಲ್ಲಿ.
ಬಾಡಿಗೆ: ಗಂಟೆಗೊಂದು ಪ್ಲೇಟು ಗೋಬಿ.

ಮೊದಲ ಚೌಕದಲ್ಲೇ ಸಿಕ್ಕಿಬಿದ್ದೆ.
ಮನೆತನದ ಹೆಸರು. ಪಕ್ಕದಲ್ಲಿ ಕೆಂಪು ಚುಕ್ಕಿ,
ಖಾಲಿ ಬಿಡುವಂತಿಲ್ಲ.
ನನಗಿರುವುದು ಒಂದು ಹೆಸರು, ಅದರ ಮುಂದೆ ಎರಡಕ್ಷರ:
ಸಿ.ಎಂ. ಮುನಿಲಕ್ಷ್ಮಿ.
ಸಿ ಅಂದರೆ ಚೊಕ್ಕಸಂದ್ರ, ಆಗ ಊರು, ಈಗ ಬಸ್‌ಸ್ಟಾಪು.
ಎಂ ಅಂದರೆ ಮುನಿಶಾಮಪ್ಪ, ಅಪ್ಪ,
ಮನೆತನ ಹಾಗಿರಲಿ, ಮನೆಯಲ್ಲೇ ಇರುತ್ತಿದ್ದದ್ದು ಕಡಿಮೆ.
ಕೊನೆಗೆ ಅವನನ್ನೇ ಹಾಕಿದೆ.
ಇನ್ನು ಆ ದೇಶದ ಬ್ಯಾಂಕು, ಆಸ್ಪತ್ರೆ, ಪೊಲೀಸು
ನನ್ನನ್ನು ಕರೆಯುವುದು ಮಿಸ್ ಮುನಿಶಾಮಪ್ಪ.
ಇದ್ದಿದ್ದರೆ ನಕ್ಕು ಬೀಡಿಗೆ ಕಾಸು ಕೇಳುತ್ತಿದ್ದ.

ಅನುಭವ ಪತ್ರ, ಲೆಟರ್‌ಹೆಡ್ಡಿನಲ್ಲಿ, ಸೀಲು ಸಮೇತ.
ನಾನು ಕೆಲಸ ಕಲಿತ ಶೆಡ್ಡು ಈಗ ಮದುವೆ ಹಾಲು.
ಓನರು ದೇವೇಂದ್ರಪ್ಪನವರನ್ನು ಹುಡುಕಿ ನಾಗರಭಾವಿಗೆ ಹೋದೆ.
ಮಂಚದಡಿಯ ಟ್ರಂಕಿನಿಂದ ಸೀಲು ತೆಗೆದರು,
ಒಣಗಿದ ಪ್ಯಾಡಿಗೆ ಎರಡು ಹನಿ ಎಣ್ಣೆ ಬಿಟ್ಟು ತಿಕ್ಕಿದರು.
ಟಿಗ್, ಆರ್ಕ್, ಸ್ಟೀಲು, ಅಲ್ಯುಮಿನಿಯಂ,
ವಾರಕ್ಕೆ ಐವತ್ತನಾಲ್ಕು ಗಂಟೆ,
ನಾನು ಹೇಳಿದಂತೆಯೇ ಬರೆದರು. ಕೊನೆಗೆ ತಮ್ಮದೊಂದು ಸಾಲು:
ಈಕೆ ಹಾಕಿದ ಬೆಸುಗೆ ವಾಪಸು ಬಂದದ್ದು ನನಗೆ ನೆನಪಿಲ್ಲ.
ಇದು ಅವರು ಕೇಳಿಲ್ಲ ಅಕ್ಕಾ, ಅಂದಳು ನಾಜ್ನೀನ್.
ಇರಲಿ ಬಿಡು, ಅಂದೆ.

ಹತ್ತು ವರ್ಷದ ವಿಳಾಸ, ತಿಂಗಳ ಲೆಕ್ಕದಲ್ಲಿ.
ಲಗ್ಗೆರೆಯಲ್ಲಿ ಶೀಟಿನ ಮನೆ. ಸುಂಕದಕಟ್ಟೆ.
ಕಾಮಾಕ್ಷಿಪಾಳ್ಯದ ಓನರಮ್ಮ
ಯುಗಾದಿಗೆ ಒಬ್ಬಟ್ಟು ಕೊಟ್ಟು ಮರುದಿನ ಬಾಡಿಗೆ ಏರಿಸಿದ್ದು:
ಅದಕ್ಕೆ ಜಾಗವಿಲ್ಲ, ಪಿನ್‌ಕೋಡಿಗೆ ಮಾತ್ರ ಇದೆ.

ಆಮೇಲೆ ಆ ಒಂಬತ್ತು ತಿಂಗಳು.
ಈ ಅವಧಿಯಲ್ಲಿ ಏನು ಮಾಡುತ್ತಿದ್ದಿರಿ?
ಏನಿಲ್ಲ ಅಂತ ಹಾಕ್ಲಾ? ಕರ್ಸರು ಮಿಣುಕುತ್ತಿತ್ತು.
ಏನಿಲ್ಲ.
ಹೆಂಗಸರಿಗೊಂದು ಕಕ್ಕಸು ಕಟ್ಟಿಸಿ ಅಂದಿದ್ದೆ, ಅಷ್ಟೇ.
ಶನಿವಾರ ಲೆಕ್ಕ ಚುಕ್ತಾ ಮಾಡಿದರು.
ಸೋಮವಾರದ ಹೊತ್ತಿಗೆ ಸೆಕೆಂಡ್ ಸ್ಟೇಜಿಗೆಲ್ಲ ಗೊತ್ತಾಗಿತ್ತು.
ಒಂದೊಂದು ಗೇಟಿಗೂ ಹೋಗಿ ನಿಂತೆ.
ಲೇಡೀಸ್ ಬೇಡಮ್ಮ, ಅಂದ ಒಂದು ಗೇಟಿನ ಹಿಂಜು
ಶೆಡ್ಡಿನಲ್ಲಿ ನಾನೇ ಕೂರಿಸಿದ್ದು;
ಕಿರುಗುಟ್ಟದೆ ಮುಚ್ಚಿಕೊಂಡಿತು.
ಆಮೇಲೆ ಕಡ ತಂದ ಮಿಷಿನ್ನು, ಬೀದಿಯಲ್ಲೇ ಕೆಲಸ.
ಆಟೋ ಸೈಲೆನ್ಸರು, ಕಿಟಕಿ ಗ್ರಿಲ್ಲು,
ನಾಜ್ನೀನಳ ಮೂರು ಗಾಲಿ ಸೈಕಲ್ಲಿನ ಮುರಿದ ಕತ್ತು.
ಅದು ನೀನೇನಾ? ಅಂದಳು ಹುಡುಗಿ.
ಸ್ವಂತ ಉದ್ಯೋಗ ಎಂದು ಹಾಕಿದೆವು.

ಫೀಸು ಕಟ್ಟಿದೆ. ಬೆರಳಚ್ಚಿಗೆ ಕರೆದರು.
ಗಾಜಿನ ಮೇಲೆ ಬೆರಳಿಟ್ಟೆ. ಮತ್ತೊಮ್ಮೆ ಒತ್ತಿ ಮೇಡಂ.
ಹುಡುಗ ಗಾಜು ಒರೆಸಿದ, ನನ್ನ ಬೆರಳು ಒರೆಸಿದ,
ಪರದೆಯ ಮೇಲೆ ಹತ್ತು ಬೋಳು ಗುಂಡುಗಳು.
ಏನು ಕೆಲಸ ನಿಮ್ಮದು?
ಫಾರಂ ತೋರಿಸಿದೆ.
ಎರಡು ವಾರ ಕೆಲಸ ಬಿಟ್ಟು ಬನ್ನಿ,
ಎಣ್ಣೆ ಹಚ್ಚಿ, ಗೆರೆ ಬೆಳೆಯುತ್ತವೆ.

ಗ್ಲೌಸು ಮೊಳೆಯಲ್ಲಿ ನೇತಾಡುತ್ತಿದೆ.
ಒಂಬತ್ತನೇ ದಿನ. ಕೊಬ್ಬರಿ ಎಣ್ಣೆ ವಾಸನೆಯ ಕೈ
ಯಾವುದನ್ನೂ ಸರಿಯಾಗಿ ಹಿಡಿಯದು, ಲೋಟ ಜಾರುತ್ತದೆ.
ಬೆಳಗ್ಗೆ ಬಾಗಿಲ ಬೆಳಕಿನಲ್ಲಿ ಕೂತು ನೋಡಿದೆ:
ಎಡಗೈ ಕಿರುಬೆರಳಿನಲ್ಲಿ
ಒಂದು ಗೆರೆ, ಅರ್ಧ.